ಕನ್ನಡಕಕ್ಕೆ ಕಲಾಯಿ

"ಮನೆ ಕಟ್ಟಿದ್ದಕ್ಕಿಂತ ಸುಣ್ಣ ಬಳಿದಿದ್ದಕ್ಕೇ ಖರ್ಚು ಜಾಸ್ತಿ ಆಯ್ತು ಮಾರಾಯ" ಅನ್ನುತ್ತಾ ಗಣಪಣ್ಣ ಕೊಡೆಯನ್ನು ಗೋಡೆಗೆ ಒರಗಿಸಿದರು. ಅದು ಅಲ್ಲೇ ಒಂದು ತುಂಗಾ ನದಿ ಹರಿಸಿತು.

ಶಿವಮೊಗ್ಗದ ದುರ್ಗಿಗುಡಿಯ ಹೋಟೆಲಿನ ಅದೇ ಮೂಲೆ ಮೇಜು. ಹೊರಗೆ ಆಷಾಢದ ಮಳೆ.

"ಯಾವ ಮನೆ? ನಮಗೆ ಹೇಳಲೇ ಇಲ್ಲ" ಜಯಕ್ಕ ಕೇಳಿದರು.

"ಮನೆಯಲ್ಲ, ಕನ್ನಡಕ." ಗಣಪಣ್ಣ ಜೇಬಿನಿಂದ ಒಂದು ಚೀಟಿ ತೆಗೆದು ರಾಘು ಮುಂದಿಟ್ಟರು. "ಓದು. ನಂಗೆ ಕಾಣಲ್ಲ. ಕಂಡಿದ್ರೆ ಅಂಗಡಿಗೆ ಎಂತಕ್ಕೆ ಹೋಗ್ತಿದ್ದೆ?"

ರಾಘು ಓದಿದ. ಫ್ರೇಮ್ 1,200. ಗಾಜು 900. ಅದರ ಕೆಳಗೆ ಐದು ಸಾಲು: ಗೀರು ಬೀಳದ ಹಾಗೆ ಹಾರ್ಡ್ ಕೋಟ್, ಗಾಜು ಬೆಳಕನ್ನ ವಾಪಸ್ ಹೊಡೆಯದ ಹಾಗೆ ಎ.ಆರ್., ನೀಲಿ ಬೆಳಕು ತಡೆಯೋಕೆ ಬ್ಲೂ ಕಟ್, ನೀರು ನಿಲ್ಲದ ಹಾಗೆ ಮಾಡೋದು, ಬಿಸಿಲಿಗೆ ಕಪ್ಪಾಗೋದು. ಐದಕ್ಕೂ ಸೇರಿ 3,900.

"ಕೇಳಿದ್ರಲ್ಲ? 900 ರೂಪಾಯಿ ಗಾಜಿಗೆ 3,900 ರೂಪಾಯಿ ಕಲಾಯಿ!"

"ಕಲಾಯಿ ಅಲ್ಲ ಗಣಪಣ್ಣ, ಕೋಟಿಂಗ್."

"ಒಂದರ ಮೇಲೆ ಇನ್ನೊಂದನ್ನ ತೆಳ್ಳಗೆ ಸವರಿ ದುಡ್ಡು ಇಸ್ಕೊಳ್ಳೋದಕ್ಕೆ ನಮ್ಮೂರಲ್ಲಿ ಕಲಾಯಿ ಅಂತಲೇ ಹೆಸರು. ಕಲಾಯಿಯವನಾದರೂ ನಮ್ಮ ಅಂಗಳದಲ್ಲಿ ಕೂತು, ನಮ್ಮೆದುರಿಗೇ ತಿದಿ ಒತ್ತಿ, ಪಾತ್ರೆ ಕಾಯಿಸಿ ಮಾಡ್ತಿದ್ದ. ಇವನು ಚೀಟಿಯಲ್ಲೇ ಮುಗಿಸಿದ."

ಗಣಪಣ್ಣನ ಹಳೇ ಕನ್ನಡಕದ ಕಥೆ ಮೇಜಿನವರಿಗೆಲ್ಲ ಗೊತ್ತಿರುವುದೇ. ಹೋದ ಕೊಯ್ಲಿನಲ್ಲಿ ಅಡಿಕೆ ಬೆಂದಿದೆಯಾ ಅಂತ ಹಂಡೆಗೆ ಬಗ್ಗಿದಾಗ ಅದು ಜಾರಿ ಒಳಗೆ ಬಿತ್ತು. ಹೊರಗೆ ತೆಗೆಯುವಷ್ಟರಲ್ಲಿ ಚೊಗರು ಹಿಡಿದು ಒಳ್ಳೆ ಬಣ್ಣ ಬಂದಿತ್ತು. ಆರು ತಿಂಗಳು ಅದನ್ನೇ ಹಾಕಿಕೊಂಡು ಓಡಾಡಿದರು. ಲೋಕವೆಲ್ಲ ರಾಶಿ ಅಡಿಕೆ ಹಾಗೆ ಕಾಣ್ತಿತ್ತು, ರೇಟ್ ಬಿದ್ದ ದಿನವೂ ಬೇಜಾರಾಗಲಿಲ್ಲ ಅನ್ನುವುದು ಅವರ ಹೇಳಿಕೆ. ಮೊನ್ನೆ ಅದರ ಕಾಲೂ ಮುರಿಯಿತು.

ಮೇಷ್ಟ್ರು ಆ ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿದರು. ಗಾಜಿನ ತುಂಬಾ ಕೂದಲೆಳೆಯಂಥ ಬಿರುಕು. ಬೇಸಿಗೆಯಲ್ಲಿ ಒಣಗಿದ ಕೆರೆ ಹಾಗೆ.

"ಇದಕ್ಕೂ ಕೋಟಿಂಗ್ ಇತ್ತು ಗಣಪ. ಬಿಸಿಗೆ ಪ್ಲಾಸ್ಟಿಕ್ ಹಿಗ್ಗುತ್ತೆ, ಮೇಲಿನ ಲೇಪ ಅಷ್ಟು ಹಿಗ್ಗಲ್ಲ. ಅದಕ್ಕೇ ಒಡೆದಿದೆ. ಬಿಸಿಲಲ್ಲಿ ನಿಲ್ಲಿಸಿದ ಕಾರೊಳಗೆ ಇಟ್ಟರೂ ಹೀಗೇ ಆಗುತ್ತೆ. ನೀನು ಬೇಯಿಸಿದ್ದೀಯ."

"ಅಂದ್ರೆ ಆಗಲೂ ಕಲಾಯಿಗೆ ದುಡ್ಡು ಕೊಟ್ಟಿದ್ದೆ ಅಂತಾಯ್ತು! ನಂಗೇ ಗೊತ್ತಿಲ್ಲದೆ!" ಗಣಪಣ್ಣನಿಗೆ ಹಳೇ ಗಾಯ ಹೊಸದಾಗಿ ಉರಿಯಿತು.

ರಾಘುವಿಗೆ ಸುಮ್ನೆ ಕೂರಲು ಆಗುವುದಿಲ್ಲ. ಅವನ ಕಾರಿಗೆ ಸೆರಾಮಿಕ್ ಕೋಟಿಂಗ್, ಫೋನಿಗೆ ಟೆಂಪರ್ಡ್ ಗಾಜು, ಆ ಗಾಜಿಗೆ ಮತ್ತೊಂದು ಫಿಲ್ಮು. "ಬ್ಲೂ ಕಟ್ ಮಾತ್ರ ಬಿಡಬೇಡಿ. ನಾನು ದಿನಕ್ಕೆ ಹತ್ತು ಗಂಟೆ ಸ್ಕ್ರೀನ್ ನೋಡ್ತೀನಿ. ಅಂಗಡಿಯವರು ಪ್ರೂಫ್ ತೋರಿಸಿದ್ರು. ನೀಲಿ ಟಾರ್ಚ್ ಬಿಟ್ರು, ಸಾದಾ ಗಾಜಲ್ಲಿ ದಾಟ್ತು, ಬ್ಲೂ ಕಟ್ ಗಾಜಲ್ಲಿ ನಿಂತೇ ಹೋಯ್ತು!"

"ನಂಗೂ ಬಿಟ್ಟ" ಎಂದರು ಗಣಪಣ್ಣ. "ಕಾರ್ಡಿನ ಮೇಲೆ ಚುಕ್ಕಿ ಬಿತ್ತು, ಬೀಳಲಿಲ್ಲ. ಜಾತ್ರೆಯಲ್ಲಿ ಮೂರೆಲೆ ಆಡಿಸೋನ ಕೈ ನೆನಪಾಯ್ತು."

ಮೇಷ್ಟ್ರು ವಡೆ ಮುರಿಯುತ್ತಾ ಹೇಳಿದರು. "ಆ ಟಾರ್ಚಿನದು ನೀಲಿಗಿಂತ ನೇರಳೆ ಬೆಳಕು. ಅದರ ಅಲೆಯ ಉದ್ದ ಸುಮಾರು 405 ನ್ಯಾನೋಮೀಟರ್. ಅದನ್ನ ತಡೆಯೋದು ಸುಲಭ. ಸ್ಕ್ರೀನಿಂದ ಬರೋ ನೀಲಿ 450ರ ಹತ್ತಿರ. ಅದರಲ್ಲಿ ಹೆಚ್ಚಿನ ಪಾಲು ಈ ಗಾಜನ್ನ ದಾಟಿಯೇ ಬರುತ್ತೆ."

"ಹಾಗಂದ್ರೆ?"

"ಬೆಕ್ಕಿಗೆ ಬಾಗಿಲು ಹಾಕಿ, ಹುಲಿ ಬರಲ್ಲ ಅಂದ ಹಾಗೆ" ಎಂದರು ಗಣಪಣ್ಣ.

"ಹುಲಿಯೂ ಅಲ್ಲ ಅದು. ಸ್ಕ್ರೀನಿಗಿಂತ ಎಷ್ಟೋ ಪಾಲು ಜಾಸ್ತಿ ನೀಲಿ ಆಕಾಶದಿಂದ ಬರುತ್ತೆ. 2023ರಲ್ಲಿ ಕಾಕ್ರೇನ್ ಅನ್ನೋ ಸಂಸ್ಥೆಯವರು 17 ಪರೀಕ್ಷೆಗಳನ್ನ ಒಟ್ಟಿಗೆ ಹಾಕಿ ನೋಡಿದರು. ಕಂಪ್ಯೂಟರ್ ಮುಂದೆ ಕೂತವರ ಕಣ್ಣಿನ ಆಯಾಸಕ್ಕೆ ಸಾದಾ ಗಾಜೂ ಒಂದೇ, ಬ್ಲೂ ಕಟ್ಟೂ ಒಂದೇ ಅನ್ನೋ ಹಾಗೆ ಬಂತು. ಅದೂ ಸ್ವಲ್ಪ ದಿನಗಳ ಲೆಕ್ಕ ಅನ್ನು. ಸ್ಕ್ರೀನ್ ನೋಡ್ತಾ ಕೂತರೆ ಕಣ್ಣು ಮಿಟುಕಿಸೋದೇ ಕಡಿಮೆಯಾಗುತ್ತೆ, ಕಣ್ಣು ಒಣಗುತ್ತೆ. ಉರಿಯೋದು ಅದಕ್ಕೆ."

"ರೆಪ್ಪೆ ಅನ್ನೋ ಕಲಾಯಿ ಹುಟ್ಟುವಾಗಲೇ ಪುಕ್ಕಟೆ ಬಂದಿದೆ. ಇವನು ಅದನ್ನ ಬಳಸದೆ ಅಂಗಡಿಗೆ ಹೋಗಿದ್ದಾನೆ." ಗಣಪಣ್ಣ ಕಾಫಿಗೆ ಕೈ ಎತ್ತಿದರು. "ನೀಲಿ ಕೋಟಿಂಗ್ ಅಂದ್ರೆ ನಂಗೆ ಗೊತ್ತಿರೋದು ಒಂದೇ, ಬೋರ್ಡೋ. ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ, ನೂರು ಲೀಟರ್ ನೀರು. ಗೊನೆಗೆ ಹೊಡೆಯದಿದ್ರೆ ಕೊಳೆ ಬಂದು ಅಡಿಕೆಯೆಲ್ಲ ಉದುರುತ್ತೆ. ಅದಕ್ಕೆ ನಾನು ಚೌಕಾಸಿ ಮಾಡಿದ್ದು ನೋಡಿದ್ದೀಯಾ? ಕೊಳೆ ಇದ್ದಲ್ಲಿ ಔಷಧಿ ಹೊಡಿ. ಕೊಳೆಯೇ ಇಲ್ಲದ ಕಡೆ ಎಂತಕ್ಕೆ?"

"ಸರಿ, ಅದು ಬಿಡಿ. ನೀರು ನಿಲ್ಲದ ಕೋಟಿಂಗ್ ಅಂತೂ ಮಲೆನಾಡಿಗೆ ಹೇಳಿ ಮಾಡಿಸಿದ್ದು. ಹನಿ ಬಿದ್ರೆ ಹಾಗೇ ಉರುಳಿ ಹೋಗುತ್ತೆ."

"ಕೆಸುವಿನ ಎಲೆಗೆ ದೇವರು ಅದೇ ಕೋಟಿಂಗ್ ಕೊಟ್ಟಿದ್ದಾನೆ. ನಾವು ಪತ್ರೊಡೆ ಮಾಡಿ ತಿಂದ್ವಿ."

ಜಯಕ್ಕ ನಕ್ಕು ಕಾಫಿ ಚೆಲ್ಲಿಕೊಂಡರು. ಒರೆಸುತ್ತಲೇ ಅವರಿಗೆ ತಮ್ಮ ಸೊಸೆ ನೆನಪಾದಳು. ಹೊಸ ಸೋಫಾ ಬಂದು ಎರಡು ವರ್ಷವಾಯಿತು, ಅಂಗಡಿಯ ಪ್ಲಾಸ್ಟಿಕ್ ಇನ್ನೂ ತೆಗೆದಿಲ್ಲ. ಕೂತರೆ ಜಾರುತ್ತೆ, ಎದ್ದರೆ ಕಾಲಿಗೆ ಅಂಟುತ್ತೆ. ರಿಮೋಟಿಗೂ ಕವರು. ಆ ಕವರೊಳಗೆ ಇರುವೆ ಸೇರಿ ಸಂಸಾರ ಹೂಡಿದೆ. ಯಾವ ಗುಂಡಿ ಒತ್ತಿದರೂ ಚಂದನವೇ ಬರುತ್ತೆ. (ಇದು ಉತ್ಪ್ರೇಕ್ಷೆಯಲ್ಲ. ನಮ್ಮ ಮನೆಯದೂ ಹಾಗೇ ಇದೆ.)

"ಮತ್ತೆ ಬಿಸಿಲಿಗೆ ಕಪ್ಪಾಗೋದು?" ರಾಘು ಸೋಲಲು ತಯಾರಿರಲಿಲ್ಲ.

ಗಣಪಣ್ಣ ಮಾತಾಡಲಿಲ್ಲ. ಕೈ ಚಾಚಿ ಕಿಟಕಿಯ ಕಡೆ ತೋರಿಸಿದರು. ಮಧ್ಯಾಹ್ನ ಮೂರಕ್ಕೇ ಎದುರಿನ ಅಂಗಡಿಯವರು ದೀಪ ಹಾಕಿದ್ದರು.

"ಅದು ಕೆಲಸ ಮಾಡೋದು ಕಣ್ಣಿಗೆ ಕಾಣದ ಅತಿನೇರಳೆ ಕಿರಣಕ್ಕೆ" ಮೇಷ್ಟ್ರು ಸೇರಿಸಿದರು. "ಮೋಡ ಇದ್ರೂ ಒಂದಿಷ್ಟು ಬರುತ್ತೆ. ಚಳಿ ಇದ್ದಷ್ಟೂ ಗಾಜು ಜಾಸ್ತಿ ಕಪ್ಪಾಗುತ್ತೆ, ತಿಳಿಯಾಗೋದೂ ನಿಧಾನ. ಆದ್ರೆ ಕಾರೊಳಗೆ ಕೂತರೆ ಅಷ್ಟಾಗಿ ಆಗಲ್ಲ. ಮುಂದಿನ ಗಾಜೇ ಆ ಕಿರಣವನ್ನ ತಡೆದುಬಿಡುತ್ತೆ."

"ಅಂದ್ರೆ ಬಿಸಿಲಿಗೆ ಕಾರು ಓಡಿಸುವಾಗ ಬೆಳ್ಳಗೆ, ಚಳಿ ಮೋಡದಲ್ಲಿ ತೋಟಕ್ಕೆ ಹೋದಾಗ ಕಪ್ಪಗೆ! ಕತ್ತಲೆ ಬೇಕಾದ್ರೆ ನಮ್ಮ ಮೆಸ್ಕಾಂ ಇಲ್ಲವಾ?"

"ರಾತ್ರಿ ತೀರ್ಥಹಳ್ಳಿ ರಸ್ತೆಯಲ್ಲಿ ಹೋಗ್ತೀರಲ್ಲ, ಎದುರಿಂದ ಲಾರಿ ಹೈ ಬೀಮ್ ಹಾಕ್ಕೊಂಡು ಬರಲ್ವಾ? ಅದಕ್ಕಾದ್ರೂ ಎ.ಆರ್. ಬೇಕು."

"ಬೇಕು" ಎಂದರು ಮೇಷ್ಟ್ರು. ಗಣಪಣ್ಣ ತಿರುಗಿ ನೋಡಿದರು. ತಮ್ಮ ಕಡೆಯವರೇ ಪಕ್ಷಾಂತರ ಮಾಡಿದ ಹಾಗಿತ್ತು.

"ಲಾರಿಯಿಂದ ನೇರವಾಗಿ ಬರೋ ಬೆಳಕು ಇದರಿಂದ ಕಡಿಮೆಯಾಗಲ್ಲ. ಗಾಜಿನೊಳಗೇ ಅದು ಹಿಂದೆ ಮುಂದೆ ಬಡಿದು ದೆವ್ವದ ಹಾಗೆ ಎರಡನೇ ದೀಪ ತೋರಿಸುತ್ತಲ್ಲ, ಅದು ಹೋಗುತ್ತೆ. ಸಾದಾ ಗಾಜಿನ ಒಂದೊಂದು ಮುಖದಲ್ಲೂ 100ಕ್ಕೆ 4 ಪಾಲು ಬೆಳಕು ವಾಪಸ್. ಎರಡು ಮುಖಕ್ಕೆ 8."

"ಕ್ವಿಂಟಾಲಿಗೆ 8 ಕೇಜಿ ಸೋರಿಕೆ?" ಈ ಲೆಕ್ಕ ಗಣಪಣ್ಣನಿಗೆ ನಾಟಿತು. "ಮಂಡಿಯಲ್ಲಾಗಿದ್ರೆ ಗಲಾಟೆಯೇ ಆಗ್ತಿತ್ತು."

"ಜಯಕ್ಕನ ಹಾಗೆ ಪವರ್ ಜಾಸ್ತಿ ಅಂತ ತೆಳು ಗಾಜು ಹಾಕಿಸಿದ್ರೆ ಸೋರಿಕೆ ಇನ್ನೂ ಜಾಸ್ತಿ. ಒಳ್ಳೆ ಎ.ಆರ್. ಇದ್ರೆ ಒಂದೋ ಅರ್ಧವೋ ಉಳಿಯುತ್ತೆ. ಇದರ ಮೂಲ ಕೇಳಿದ್ರೆ ನಗ್ತೀಯ. 1886ರಲ್ಲಿ ರೇಲೀ ಅನ್ನೋ ವಿಜ್ಞಾನಿ ನೋಡಿದ್ದು. ಹೊಸ ಗಾಜಿಗಿಂತ ಹಳೇ, ಮಾಸಿದ ಗಾಜೇ ಹೆಚ್ಚು ಬೆಳಕು ಬಿಡ್ತಿತ್ತು. ಮೇಲೆ ಕೂತ ಮಾಸಲೇ ಬೆಳಕು ವಾಪಸ್ ಹೋಗದ ಹಾಗೆ ತಡೀತಿತ್ತು. ಆಮೇಲೆ 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯ ಸ್ಮಕುಲ ಅನ್ನೋರು ಅದನ್ನೇ ಬೇಕೆಂದು ಬಳಿಯೋದು ಕಂಡುಹಿಡಿದರು."

ಗಣಪಣ್ಣ ಒಂದು ನಿಮಿಷ ಸುಮ್ಮನಿದ್ದರು. "ನಮ್ಮಲ್ಲಿ ಕಿಲುಬು ಬರಬಾರದು ಅಂತ ಕಲಾಯಿ ಹಾಕ್ತಿದ್ರು. ಇವರು ಕಿಲುಬನ್ನೇ ಕಲಾಯಿ ಅಂತ ಹಾಕ್ತಿದ್ದಾರೆ!"

"ಎಷ್ಟು ದಪ್ಪ ಇರುತ್ತೆ ಅದು?" ಜಯಕ್ಕ ಕೇಳಿದರು.

"ಒಂದು ಪದರ ಸುಮಾರು ಒಂದು ಮಿಲಿಮೀಟರಿನ 10,000ದಲ್ಲಿ ಒಂದು ಪಾಲು."

"ಅಷ್ಟು ತೆಳ್ಳಗಿದ್ರೆ ಬಳಿದಿದ್ದಾನೋ, ಬಳಿದೆ ಅಂತ ಹೇಳಿದ್ದಾನೋ, ಯಾರಿಗೆ ಗೊತ್ತು?"

ಮೇಷ್ಟ್ರು ರಾಘುವಿನ ಮೂಗಿನಿಂದ ಕನ್ನಡಕ ಕಿತ್ತು ಹೋಟೆಲಿನ ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದರು. ಗಾಜಿನ ಮೇಲೆ ಟ್ಯೂಬ್‌ಲೈಟಿನ ಗೆರೆ ಮಂಕಾಗಿ, ಎಳೇ ಬಾಳೆಸುಳಿಯಂಥ ಹಸಿರಲ್ಲಿ ಕಾಣಿಸಿತು. ಪಕ್ಕದಲ್ಲಿ ತಮ್ಮ ಸಾದಾ ಚಾಳೀಸು ಹಿಡಿದರು. ಅದರಲ್ಲಿ ಗೆರೆ ಬೆಳ್ಳಗೆ ಹೊಳೆಯಿತು.

"ಹಸಿರೋ ನೀಲಿಯೋ ಮಂಕಾಗಿ ಬಂದ್ರೆ ಕೋಟಿಂಗ್ ಇದೆ. ಬೆಳ್ಳಗೆ ಹೊಳೆದ್ರೆ ಇಲ್ಲ."

"ಅದಕ್ಕೇ ಮೇಷ್ಟ್ರೇ, ಫೋಟೋದಲ್ಲಿ ನಿಮ್ಮ ಕಣ್ಣಿನ ಜಾಗದಲ್ಲಿ ಎರಡು ಟ್ಯೂಬ್‌ಲೈಟ್ ಕಾಣೋದು" ಎಂದು ಜಯಕ್ಕ ನಕ್ಕರು.

ಗಣಪಣ್ಣ ನಗಲಿಲ್ಲ. ಎರಡು ಕನ್ನಡಕಗಳನ್ನೂ ಈಸಿಕೊಂಡು ಕಣ್ಣಿನ ಹತ್ತಿರ ತಂದು, ಒಂದಾದ ಮೇಲೆ ಒಂದನ್ನು ಬೆಳಕಿಗೆ ತಿರುಗಿಸಿದರು.

"ನಮ್ಮ ಅಪ್ಪಯ್ಯನದು ಇರೋದೇ ಒಂದು ಫೋಟೋ" ಎಂದರು. "ತೀರ್ಥಹಳ್ಳಿಯ ಸ್ಟುಡಿಯೋದಲ್ಲಿ ತೆಗೆಸಿದ್ದು. ಆವಾಗೆಲ್ಲ ಮುಖದ ಮೇಲೇ ದೀಪ ಬಿಡ್ತಿದ್ರಲ್ಲ. ಕನ್ನಡಕದ ಜಾಗದಲ್ಲಿ ಎರಡು ಬಿಳಿ ಬಿಲ್ಲೆ. ಮೊಮ್ಮಗಳು ಕೇಳ್ತಾಳೆ, ಮುತ್ತಜ್ಜನಿಗೆ ಕಣ್ಣಿರಲಿಲ್ವಾ ಅಂತ."

ಯಾರೂ ಮಾತಾಡಲಿಲ್ಲ.

"ಅಪ್ಪಯ್ಯ ಜಗುಲಿಯಲ್ಲಿ ಕೂತು ಪಂಚೆ ಚುಂಗಿನಲ್ಲಿ ಕನ್ನಡಕ ಒರೆಸ್ತಿದ್ದಿದ್ದು ನೆನಪಿದೆ. ಕಲಾಯಿಯವನ ಹತ್ತಿರ ಜಗಳ ಆಡ್ತಿದ್ದಿದ್ದು ನೆನಪಿದೆ. ಆ ನವಸಾಗರದ ಹೊಗೆ ಈಗಲೂ ಮೂಗಿಗೆ ಬರುತ್ತೆ. ಕಣ್ಣು ಹೇಗಿತ್ತು ಅಂತ ನೆನಪು ಮಾಡ್ಕೊಂಡ್ರೆ ಮಾತ್ರ ಆ ಬಿಲ್ಲೆಗಳೇ ಬರ್ತವೆ."

ಮಾಣಿ ಕಾಫಿ ತಂದಿಟ್ಟ. ಹಬೆ ಎದ್ದು ಮೂರೂ ಜನರ ಕನ್ನಡಕ ಮಂಜಾದವು. ಜಯಕ್ಕ ತಮ್ಮದನ್ನು ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಸ್ವಲ್ಪ ಹೆಚ್ಚೇ ಹೊತ್ತು ಒರೆಸಿದರು. ಬಟ್ಟೆಯಲ್ಲಿ ಒಣ ಒಣ ತಿಕ್ಕಬೇಡ, ಮೊದಲು ನೀರಲ್ಲಿ ತೊಳಿ ಅಂತ ಮೇಷ್ಟ್ರು ಯಾವಾಗಲೂ ಹೇಳುವವರು, ಇವತ್ತು ಹೇಳಲಿಲ್ಲ.

"ಹಾರ್ಡ್ ಕೋಟಿಗೆ ಬೇರೆ ದುಡ್ಡು ಕೊಡಬೇಡ ಗಣಪ" ಎಂದಷ್ಟೇ ಅಂದರು. "ಈಗಿನ ಪ್ಲಾಸ್ಟಿಕ್ ಗಾಜಿಗೆ ಅದು ಸಾಮಾನ್ಯವಾಗಿ ಬಂದೇ ಇರುತ್ತೆ. ಕೇಳಿ ನೋಡು."

"ಹಾಗಾದ್ರೆ ಎ.ಆರ್. ಒಂದು ಇರಲಿ. ನಾಳೆ ನನ್ನ ಫೋಟೋಕ್ಕೆ ಹಾರ ಹಾಕಿದ ಮೇಲಾದ್ರೂ ಮೊಮ್ಮಗಳಿಗೆ ಅಜ್ಜನ ಕಣ್ಣು ಕಾಣಲಿ."

"ಥೂ, ಬಿಡ್ತು ಅನ್ನಿ" ಎಂದರು ಜಯಕ್ಕ.

ಗಣಪಣ್ಣ ರಾಘುವಿನ ಜೇಬಿನಿಂದ ಪೆನ್ನು ಎಳೆದುಕೊಂಡರು. ಚೀಟಿಯನ್ನು ತೋಳುದ್ದ ದೂರ ಹಿಡಿದು, ಕಣ್ಣು ಕಿರಿದು ಮಾಡಿ, ಬೇಡದ ಸಾಲುಗಳ ಮೇಲೆ ಒಂದೊಂದೇ ಗೀಟು ಎಳೆದರು. ಎಷ್ಟೋ ದಿನದ ಸಾಲ ತೀರಿಸಿದವರ ಹಾಗೆ ಪೆನ್ನು ಮುಚ್ಚಿ, ಕಾಫಿ ಗುಟುಕರಿಸಿದರು.

ಜಯಕ್ಕ ಚೀಟಿ ತಿರುಗಿಸಿಕೊಂಡು ನೋಡಿದರು. ಕನ್ನಡಕ ಮತ್ತೆ ಒರೆಸಿ, ಇನ್ನೊಮ್ಮೆ ನೋಡಿದರು.

"ಗಣಪಣ್ಣ, ನೀವು ಗೀಟು ಎಳೆದಿರೋದು ಫ್ರೇಮಿಗೆ. ಆಮೇಲೆ ಗಾಜಿಗೆ. ಕಲಾಯಿ ಐದೂ ಹಾಗೇ ಇದೆ."