ಬಿಡಿ ಪಾರ್ಟ್ಸ್‌ನಲ್ಲೇ ಹೆಡ್‌ಫೋನ್ ಆಂಪ್: ಕಟ್ಟಿದವರು ಹೇಳಿ

ಪ್ರಶ್ನೆ: ಹಳೆ ಬೋರ್ಡಿನಿಂದ ಬಿಚ್ಚಿದ ಎನ್‌ಇ5532, 4558 ಆಂಪ್ಲಿಫೈಯರ್ ಐಸಿಗಳಿವೆ. 9 ವೋಲ್ಟ್ ಬ್ಯಾಟರಿಯಲ್ಲಿ 32 ಓಮ್ ಹೆಡ್‌ಫೋನ್‌ಗೆ ಸಿಮೋಯ್ (ಜೇಬಿಗೆ ಹಿಡಿಸುವ ಸರಳ ಹೆಡ್‌ಫೋನ್ ಆಂಪ್) ಸರ್ಕ್ಯೂಟ್ ಕಟ್ಟಬೇಕು. ಯಾವುದು ಹಾಕಲಿ?

ಉತ್ತರ 1: 4558 ಬಿಡಿ. 32 ಓಮ್‌ಗೆ ಬೇಕಾದಷ್ಟು ಕರೆಂಟ್ ಕೊಡಲ್ಲ, ವಾಲ್ಯೂಮ್ ಏರಿಸಿದರೆ ದನಿ ಒಡೆಯುತ್ತೆ. 5532 ಸಾಕು, ಆದರೆ ಸಿಮೋಯ್ ಚಿತ್ರದಲ್ಲಿರೋ ರೆಸಿಸ್ಟರ್‌ಗಳನ್ನೇ ಹಾಕಬೇಡಿ. ಅವು ಫೆಟ್ ಇನ್‌ಪುಟ್ ಐಸಿಗೆ (ಇನ್‌ಪುಟ್ ಕರೆಂಟನ್ನೇ ಎಳೆಯದಂಥದ್ದಕ್ಕೆ) ಸರಿ. 5532ರ ಇನ್‌ಪುಟ್ ಸುಮಾರು 200 ನ್ಯಾನೋಆಂಪಿಯರ್ ಎಳೆಯುತ್ತೆ. ಚಿತ್ರದಲ್ಲಿ ಇನ್‌ಪುಟ್‌ನಿಂದ ಗ್ರೌಂಡಿಗಿರೋ 100ಕೆ (ಕಿಲೋಓಮ್) ಮೇಲೆ ಅದು 20 ಮಿಲಿವೋಲ್ಟ್, 11 ಪಟ್ಟು ಗೇನ್‌ನಲ್ಲಿ (ಹಿಗ್ಗಿಸುವಿಕೆಯಲ್ಲಿ) ಔಟ್‌ಪುಟ್‌ನಲ್ಲಿ 220 ಮಿಲಿವೋಲ್ಟ್ ಡಿಸಿ! ಹೆಡ್‌ಫೋನ್ ಕಾಯಿಲ್‌ನಲ್ಲಿ ಸದಾ 7 ಮಿಲಿಆಂಪ್ ಹರೀತಿರುತ್ತೆ. 100ಕೆ ಬದಲು 22ಕೆ, ಇನ್‌ಪುಟ್ ಕೆಪಾಸಿಟರ್ 0.1 ಬದಲು 0.47 ಮೈಕ್ರೋಫ್ಯಾರಡ್ ಹಾಕಿ, ತಗ್ಗು ದನಿ (ಬಾಸ್) ಹಾಗೇ ಉಳಿಯುತ್ತೆ. ಫೀಡ್‌ಬ್ಯಾಕ್‌ಗೆ 10ಕೆ, ಗ್ರೌಂಡಿಗೆ 4.7ಕೆ: ಗೇನ್ ಮೂರು ಪಟ್ಟು. ಫೋನ್ ಔಟ್‌ಪುಟ್‌ಗೆ ಅದೇ ಧಾರಾಳ.

ಉತ್ತರ 2: ಗ್ರೌಂಡ್ ವಿಷಯ ಯಾರೂ ಹೇಳಲಿಲ್ಲವಲ್ಲ. ಎರಡು 4.7ಕೆ, ಎರಡು 220 ಮೈಕ್ರೋಫ್ಯಾರಡ್ ಸೇರಿ ಬ್ಯಾಟರಿಯನ್ನು ನಡುವೆ ಸೀಳುತ್ತವೆ. ಜ್ಯಾಕ್‌ನ ಹೊರಕವಚ ಸೇರೋದು ಆ ನಡುಬಿಂದುವಿಗೆ, ಬ್ಯಾಟರಿಯ ಮೈನಸ್‌ಗಲ್ಲ. ಲೋಹದ ಡಬ್ಬಿಗೆ ಜ್ಯಾಕ್ ತಾಗಿ, ಅಡಾಪ್ಟರ್ ಸಾಕೆಟ್‌ನ ಮೈನಸ್ಸೂ ತಾಗಿದರೆ ಶಾರ್ಟ್. ಅದಕ್ಕೇ ಪ್ಲಾಸ್ಟಿಕ್ ಡಬ್ಬಿ ವಾಸಿ. ಫೋನನ್ನೂ ಆಂಪನ್ನೂ ಒಂದೇ ಸಪ್ಲೈನಿಂದ ನಡೆಸಿದರೂ ಇದೇ ಗತಿ. ಬಿಚ್ಚಿದ 220ರ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ ಎಸೆಯಿರಿ, ಹೊಸದಕ್ಕೆ ಹೆಚ್ಚೇನೂ ಖರ್ಚಿಲ್ಲ.

ಪ್ರಶ್ನಿಸಿದವರು: ವಾಲ್ಯೂಮ್‌ಗೆ 10ಕೆ ಸ್ಟೀರಿಯೋ ಪಾಟ್ ಇದೆ, ಮೇಲೆ "ಬಿ" ಅಂತಿದೆ. ನಡೆಯುತ್ತಾ?

ಉತ್ತರ 1: ನಡೆಯುತ್ತೆ, ಆದರೆ ಬಿ ಅಂದರೆ ಸಾಮಾನ್ಯವಾಗಿ ಲೀನಿಯರ್, ತಿರುಗಿಸಿದಷ್ಟೇ ಸಮನಾಗಿ ಓಮ್ ಬದಲಾಗುವಂಥದ್ದು. ಸ್ವಲ್ಪ ತಿರುಗಿಸುವಷ್ಟರಲ್ಲೇ ಜೋರಾಗುತ್ತೆ. "ಎ" (ಕಿವಿಗೆ ಹೊಂದುವಂತೆ ಏರುವ ಲಾಗ್) ಸಿಕ್ಕರೆ ಹಾಕಿ. ಇನ್‌ಪುಟ್ ಕೆಪಾಸಿಟರ್ ಪಾಟ್ ಆದ ಮೇಲೆ ಬರಲಿ. ಇಲ್ಲದಿದ್ದರೆ ಪಾಟ್ ಮೂಲಕ ಡಿಸಿ ಹರಿದು, ತಿರುಗಿಸಿದಾಗಲೆಲ್ಲ ಕರಕರ ಅನ್ನುತ್ತೆ.

ಉತ್ತರ 3: ಐಸಿ ಬೇಸ್ (ಐಸಿ ಕೂರಿಸುವ ಸಾಕೆಟ್) ಹಾಕಿ, ಐಸಿಗೇ ಬೆಸುಗೆ ಬೇಡ. 4 ಮತ್ತು 8ನೇ ಕಾಲಿನ ನಡುವೆ ಬೇಸ್‌ಗೆ ಅಂಟಿದಂತೆ 0.1 ಮೈಕ್ರೋಫ್ಯಾರಡ್ ಸಿರಾಮಿಕ್ ಕೆಪಾಸಿಟರ್ ಹಾಕಿ. ಸಿಗ್ನಲ್ ಇಲ್ಲದೆಯೂ ಐಸಿ ಸುಡುತ್ತಿದ್ದರೆ ಮೊದಲು ಅದನ್ನು ತಿರುಗುಮುರುಗಾಗಿ ಕೂರಿಸಿಲ್ಲವೇ ನೋಡಿ. ಸರಿಯಾಗಿದ್ದರೆ ಬಹುಶಃ ಆಸಿಲೇಟ್ ಆಗುತ್ತಿದೆ (ತಾನೇ ಸಿಗ್ನಲ್ ಹುಟ್ಟಿಸುತ್ತಿದೆ). 1 ಮತ್ತು 7ನೇ ಕಾಲಿನಿಂದ ಜ್ಯಾಕ್‌ಗೆ ಹೋಗುವ ದಾರಿಯಲ್ಲಿ 10 ಓಮ್ ಕೂಡಿಸಿ. ಹೆಡ್‌ಫೋನ್ ಚುಚ್ಚುವ ಮುಂಚೆ ಮೀಟರನ್ನು 200 ಮಿಲಿವೋಲ್ಟ್ ಡಿಸಿಗಿಟ್ಟು, ನಡುಬಿಂದುವಿನಿಂದ ಎರಡೂ ಔಟ್‌ಪುಟ್ ಅಳೆಯಿರಿ. 20ರೊಳಗಿದ್ದರೆ ಸರಿ. 50 ದಾಟಿದರೆ ಚುಚ್ಚಲೇಬೇಡಿ, 22ಕೆ ಬೆಸುಗೆ ಬಿಟ್ಟಿದೆಯಾ ನೋಡಿ. ಮೊದಲ ಸಲಕ್ಕೆ ಬಿಸಾಡುವಂಥ ಇಯರ್‌ಫೋನೇ ಇರಲಿ.