ಕರಿಬೇವಿನ ಕಡ್ಡಿ ಚಿಗುರುತ್ತದೆ, ಆಮೇಲೆ ಕಪ್ಪಾಗುತ್ತದೆ. ಯಾಕೆ?

ತಾರಸಿಗಿಡ:
ನಮಸ್ಕಾರ. ಮಾರ್ಕೆಟ್‌ನಿಂದ ತಂದ ಪುದೀನಾ ಕಡ್ಡಿಯನ್ನು ಲೋಟದ ನೀರಿನಲ್ಲಿಟ್ಟರೆ ಸುಲಭವಾಗಿ ಬೇರು ಬಿಡುತ್ತದೆ. ದೊಡ್ಡಪತ್ರೆಯಂತೂ ಮುರಿದು ಮಣ್ಣಿಗೆ ಸಿಕ್ಕಿಸಿದರೆ ಸಾಕು. ಕರಿಬೇವು ಮಾತ್ರ ಕೈಕೊಡುತ್ತಿದೆ. ಪಕ್ಕದ ಮನೆಯ ಗಿಡದಿಂದ ಪೆನ್ಸಿಲ್ ದಪ್ಪದ ಕಡ್ಡಿ ತಂದು ನೀರಲ್ಲೂ ಇಟ್ಟೆ, ಕುಂಡದಲ್ಲೂ ನೆಟ್ಟೆ. ಚಿಗುರು ಬರುತ್ತದೆ, ಆಮೇಲೆ ಬುಡದಿಂದ ಕಪ್ಪಾಗಿ ಒಣಗುತ್ತದೆ. ನೀರು ಜಾಸ್ತಿ ಆಯ್ತಾ? ಇರುವುದು ಬೆಂಗಳೂರು, ತಾರಸಿಗೆ ಬೆಳಗಿನ ಬಿಸಿಲು ಬೀಳುತ್ತದೆ.

ಕುಂಡಪ್ರಿಯ:
ಬುಡಕ್ಕೆ ಲೋಳೆಸರ ಹಚ್ಚಿ ನೆಡಿ. ಎಲ್ಲಾ ವಿಡಿಯೋಗಳಲ್ಲೂ ಅದನ್ನೇ ಹೇಳುತ್ತಾರೆ.

ಹಿತ್ತಲಮನೆ:
ವಿಡಿಯೋದಲ್ಲಿ ತೋರಿಸುವುದು ಚಿಗುರನ್ನು, ಬೇರನ್ನಲ್ಲ! ಕಡ್ಡಿಯೊಳಗೆ ಉಳಿದ ಸತ್ವದಿಂದಲೇ ಆ ಚಿಗುರು ಬರುತ್ತದೆ. ಬೇರು ಬಾರದೆ ಸತ್ವ ಮುಗಿದರೆ ಕಡ್ಡಿಯೂ ಮುಗಿಯಿತು. ಪುದೀನಾದ್ದು ಮೆತ್ತನೆ ಕಾಂಡ, ಗಿಣ್ಣುಗಿಣ್ಣಿಗೂ ಬೇರು ಬಿಡುವ ಜಾತಿ. ಕರಿಬೇವಿನ ಬಲಿತ ಕಡ್ಡಿ ಹಾಗಲ್ಲ. ಬೇರು ಬರಿಸುವ ಪುಡಿ ಹಾಕಿದರೂ ನಂಬುವ ಹಾಗಿಲ್ಲ. ನೀರು ಜಾಸ್ತಿಯಾದರೆ ಬೇಗ ಕೊಳೆಯುತ್ತದೆ, ಅಷ್ಟೇ. ಕಡ್ಡಿಯ ಆಸೆ ಬಿಡಿ. ಹಳೆ ಗಿಡದ ಸುತ್ತ ಬೇರಿನಿಂದ ಮರಿಗಳು ಏಳುತ್ತವೆ, ಅದನ್ನು ಕೇಳಿ ತನ್ನಿ.

ತಾರಸಿಗಿಡ:
ಮರಿಗಳು ಬೇಕಾದಷ್ಟಿವೆ ಸಾರ್. ಒಂದನ್ನು ಕಿತ್ತು ನೆಟ್ಟುಬಿಡಲಾ? ಇಲ್ಲ, ಆನ್‌ಲೈನ್‌ನಲ್ಲಿ ಒಣ ಬೀಜದ ಪ್ಯಾಕೆಟ್ ಸಿಗುತ್ತದೆ, ಅದನ್ನೇ ತರಿಸಲಾ?

ಹಿತ್ತಲಮನೆ:
ಪ್ಯಾಕೆಟ್ ಬೇಡ, ದುಡ್ಡು ದಂಡ. ಕರಿಬೇವಿನ ಬೀಜ ಒಣಗಿದರೆ ಹುಟ್ಟುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಬೀಜವೇ ಬೇಕಂದರೆ ಮಳೆಗಾಲದಲ್ಲಿ ಗಿಡದಲ್ಲೇ ಕಪ್ಪಾಗಿ ಹಣ್ಣಾದದ್ದನ್ನು ಕಿತ್ತು, ತಿರುಳು ತೊಳೆದು, ಆಗಲೇ ಬಿತ್ತಿ. ಬೀಜ ಮಕ್ಕಳ ಬಾಯಿಗೆ ಹೋಗದ ಹಾಗೆ ನೋಡಿಕೊಳ್ಳಿ, ಅದು ತಿನ್ನುವಂಥದ್ದಲ್ಲ.

ಮರಿಯನ್ನು ಸುಮ್ನೆ ಎಳೆದು ಕೀಳಬೇಡಿ. ಪಕ್ಕದ ಮಣ್ಣು ಕೆದಕಿ ನೋಡಿದರೆ ಅಡ್ಡಕ್ಕೆ ಹೋದ ದಪ್ಪ ಬೇರಿಗೆ ಅದು ಅಂಟಿಕೊಂಡಿರುತ್ತದೆ. ಹರಿತವಾದ ಚಾಕುವಿನಿಂದ ತಾಯಿಗಿಡದ ಕಡೆಯ ಬೇರನ್ನು ಕತ್ತರಿಸಿ, ಮಣ್ಣು ಮುಚ್ಚಿ, ಮರಿಯನ್ನು ಅಲ್ಲೇ ಬಿಡಿ. ಮೂರ್ನಾಲ್ಕು ವಾರದಲ್ಲಿ ಸ್ವಂತ ಬೇರು ಬಿಟ್ಟುಕೊಳ್ಳುತ್ತದೆ. ಆಮೇಲೆ ಮಣ್ಣಿನ ಹೆಂಟೆ ಸಮೇತ ಎತ್ತಿ. ಎಲ್ಲರೂ ಅವಸರ ಮಾಡುವುದು ಇಲ್ಲೇ. ಕತ್ತರಿಸಿದ ದಿನವೇ ಕುಂಡಕ್ಕೆ ಹಾಕಿದರೆ ಎಲೆ ಸೊರಗಿ ಉದುರುತ್ತದೆ.

ಮಲೆನಾಡತ್ತಿ:
ನಡುವೆ ಒಂದು ಮಾತು. ಗಿಡದ ಕೆಳಗೆ ಇರುವುದೆಲ್ಲ ಬೇರಿನ ಮರಿಯೇ ಆಗಬೇಕಿಲ್ಲ. ಹಕ್ಕಿಗಳು ಹಣ್ಣು ತಿಂದು ಬೀಳಿಸಿದ ಬೀಜದ ಸಸಿಗಳೂ ಇರುತ್ತವೆ. ನೇರ ಕೆಳಗಿಳಿಯುವ ತಾಯಿಬೇರು ಕಂಡರೆ ಅದು ಬೀಜದ್ದು. ಅದನ್ನೂ ನೆಡಬಹುದು, ಆದರೆ ಘಮ ತಾಯಿಗಿಡದಷ್ಟೇ ಇರುತ್ತದೆ ಅನ್ನೋ ಖಾತ್ರಿ ಇಲ್ಲ. ಬೇರಿನ ಮರಿಗೆ ಅದೇ ಗುಣ ಬರುತ್ತದೆ. ಒಂದು ಎಲೆ ಹಿಸುಕಿ ಮೂಸಿ ನೋಡಿ, ಒಗ್ಗರಣೆಗೆ ಬೇಕಾದ್ದು ಅದೇ ಅಲ್ವಾ?

ತಾರಸಿಗಿಡ:
ಕೆದಕಿ ನೋಡಿದೆ. ಒಂದು ಅಡ್ಡ ಬೇರಿನದೇ, ಘಮವೂ ಜೋರಾಗಿದೆ. ಪಕ್ಕದ ಮನೆ ಆಂಟಿ ಒಪ್ಪಿದ್ದಾರೆ, ಬೇರು ಕತ್ತರಿಸಿ ಮಣ್ಣು ಮುಚ್ಚಿದ್ದೇನೆ. ಕುಂಡಕ್ಕೆ ಎಂಥ ಮಣ್ಣು ಹಾಕಲಿ?

ಹಿತ್ತಲಮನೆ:
ಕೆಂಪು ಮಣ್ಣು, ಅದಕ್ಕೆ ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ. ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೇಡ, ತೇವ ಹಿಡಿದು ಕೂರುತ್ತದೆ. ಕುಂಡ ಆಳವಾಗಿರಲಿ, ತಳದ ತೂತು ಮುಚ್ಚಿಲ್ಲವೇ ನೋಡಿಕೊಳ್ಳಿ. ಮೊದಲು ನೆರಳು, ಹೊಸ ಎಲೆ ಬಂದ ಮೇಲೆ ಬಿಸಿಲು. ಮೇಲ್ಮಣ್ಣು ಒಣಗಿದಾಗ ಮಾತ್ರ ನೀರು. ಅಡಿಗೆಗೆ ಅಂತ ಈಗಲೇ ಎಲೆ ಕೀಳಬೇಡಿ.

ಮಲೆನಾಡತ್ತಿ:
ಎಳೆ ಎಲೆ ಮೇಲೆ ಹಕ್ಕಿ ಹಿಕ್ಕೆಯಂಥದ್ದು ಕಂಡರೆ ಮುಟ್ಟಿ ನೋಡಿ. ಅಲುಗಾಡಿದರೆ ನಿಂಬೆ ಚಿಟ್ಟೆಯ ಹುಳ. ಪುಟ್ಟ ಗಿಡವಾದರೆ ಬೇಗ ಬೋಳು ಮಾಡಿಬಿಡುತ್ತದೆ. ಎತ್ತಿ ಆಂಟಿಯ ದೊಡ್ಡ ಗಿಡಕ್ಕೇ ಬಿಡಿ, ಅವರಿಗೆ ಹೇಳಬೇಡಿ 😄