ಅಪ್‌ಡೇಟ್: ಬೈಪಾಸ್ ಆದಮೇಲೆ ಅಕ್ಕನ ಕೈ ನಡುಕ, ಕೊನೆಗೆ ಕಾರಣ ಸಿಕ್ಕಿತು

ಗ್ಯಾಸ್ಟ್ರಿಕ್ ಬೈಪಾಸ್ (ತೂಕ ಇಳಿಸಲು ಹೊಟ್ಟೆಗೆ ಮಾಡುವ ಆಪರೇಷನ್) ಆದಮೇಲೆ ಅಕ್ಕನಿಗೆ ಕೈ ನಡುಕ, ವಾಂತಿ, ಮಂಕು, ಏನು ಕಾರಣ ಅಂತ ಇಲ್ಲಿ ಕೇಳಿದ್ದೆನಲ್ಲ? ಅವಳ ಬೈಪೋಲಾರ್‌ಗೆ (ಮನಸ್ಸು ಅತಿಯಾಗಿ ಏರಿ ಇಳಿಯುವ ಕಾಯಿಲೆ) ಕೊಡುವ ಲಿಥಿಯಂ ಮಾತ್ರೆ ಹಳೇ ಡೋಸಿನಲ್ಲೇ ನಡೆಯುತ್ತಿತ್ತು. ಕಾಫಿ ಲೋಟ ಹಿಡಿದರೆ ಅರ್ಧ ಸೀರೆ ಮೇಲೆ.

"ಮೊದಲು ರಕ್ತದಲ್ಲಿ ಲಿಥಿಯಂ ಎಷ್ಟಿದೆ ನೋಡಿಸಿ" ಅಂದವರಿಗೆ ದೊಡ್ಡ ನಮಸ್ಕಾರ. ಲಿಥಿಯಂ ಹೆಚ್ಚಾಗಿದ್ದೇ ಕಾರಣ. ರಾತ್ರಿ ಮಾತ್ರೆ ತೆಗೆದುಕೊಂಡು 12 ಗಂಟೆ ಆದಮೇಲೆ, ಬೆಳಗಿನ ಮಾತ್ರೆಗೆ ಮುಂಚೆ ರಕ್ತ ಕೊಡಬೇಕು. ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇರಬೇಕಾದದ್ದು 1.5 ದಾಟಿತ್ತು. ಮೈಸೂರಿನ ಮನೋವೈದ್ಯರು ಅಂದೇ ಮಾತ್ರೆ ನಿಲ್ಲಿಸಿ, ಅಡ್ಮಿಟ್ ಮಾಡಿ ಡ್ರಿಪ್ ಹಾಕಿಸಿದರು. ಈಗ ಕಡಿಮೆ ಡೋಸ್, ಪದೇ ಪದೇ ಟೆಸ್ಟ್. ನಡುಕ ಹೋಗಿದೆ.

ನನಗೆ ಆಶ್ಚರ್ಯ ಆಗಿದ್ದು ಇದು: ಬೈಪಾಸ್ ಆದರೆ ಔಷಧಿ ಮೈಗೆ ಹತ್ತುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಆದರೆ ರಕ್ತದಲ್ಲಿ ಲಿಥಿಯಂ ಏರಲೂಬಹುದಂತೆ! ಊಟ, ನೀರು, ಉಪ್ಪು ಕಡಿಮೆಯಾದರೆ ಕಿಡ್ನಿ ಅದನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ.

ಮದ್ದೂರು ಎಳನೀರು ಕುಡಿಸಿ ಅಂದಿದ್ದಿರಿ, ಕುಡಿಸಿದೆವು. ರುಚಿಯಾಗಿತ್ತು, ಅಷ್ಟೇ. ಅದರಲ್ಲಿ ಸೋಡಿಯಂ ಕಡಿಮೆಯಂತೆ. ಮಾತ್ರೆ ಪುಡಿ ಮಾಡಿ ಕೊಡಿ ಅನ್ನುವ ಸಲಹೆಗೆ ಡಾಕ್ಟರ್ ಗದರಿದರು: ನಿಧಾನವಾಗಿ ಕರಗುವ ಎಸ್‌ಆರ್ ಮಾತ್ರೆ ಪುಡಿ ಮಾಡಿದರೆ ಇಡೀ ಡೋಸ್ ಒಮ್ಮೆಲೇ ಒಳಗೆ ಹೋಗುತ್ತದೆ.

ಮಂಡಿನೋವಿಗೆ ಅಕ್ಕ ಸುಮ್ನೆ ನುಂಗುತ್ತಿದ್ದ ಐಬುಪ್ರೊಫೆನ್ ಕೂಡ ಬಂದ್. ಅದೂ ಲಿಥಿಯಂ ಏರಿಸುತ್ತದೆ, ಬೈಪಾಸ್ ಆದವರಿಗೆ ಹೊಟ್ಟೆಹುಣ್ಣಿನ ಭಯ ಬೇರೆ. ಈಗ ಪ್ಯಾರಾಸಿಟಮಾಲ್. ವಿಟಮಿನ್ ಬಿ12 ಬಗ್ಗೆ ಕೇಳಿದವರಿಗೆ: ಕಡಿಮೆ ಇತ್ತು, ಇಂಜೆಕ್ಷನ್ ಶುರುವಾಗಿದೆ.